ಮಲಪರೀಕ್ಷೆಗೆ ಕೂತ ಮೇಷ್ಟ್ರು

ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಒಂದು ಶಬ್ದ ಹೇಳಲು ಬಾಯಿ ಬರುವುದಿಲ್ಲವೆಂದು ತಿಳಿದದ್ದು ನಿವೃತ್ತನಾದ ಮೇಲೆ, ರಾಬರ್ಟ್‌ಸನ್‌ಪೇಟೆಯ ಡಾಕ್ಟರ ಎದುರಿನಲ್ಲಿ. ಮೂರು ವಾರದಿಂದ ಹೊಟ್ಟೆ ಕೆಟ್ಟಿತ್ತು. "ಏನು ತೊಂದರೆ?" ಎಂದರು. "ಹೊರಗೆ ಹೋಗುವುದು ಸ್ವಲ್ಪ ಜಾಸ್ತಿಯಾಗಿದೆ" ಎಂದೆ. "ಈ ವಯಸ್ಸಿನಲ್ಲಿ ವಾಕಿಂಗ್ ಒಳ್ಳೆಯದೇ" ಎಂದರು.

ನಮ್ಮ ಭಾಷೆಯದೂ ಸ್ವಲ್ಪ ತಪ್ಪಿದೆ ಅನ್ನಿ. ಕೆರೆ ಕಡೆ, ಬಯಲ ಕಡೆ, ಚೊಂಬು ತಗೊಂಡು, ಎರಡಕ್ಕೆ ಎನ್ನುತ್ತೇವೆ. ದಿಕ್ಕಿದೆ, ಪಾತ್ರೆಯಿದೆ, ಸಂಖ್ಯೆಯೂ ಇದೆ. ವಸ್ತುವಿನ ಹೆಸರು ಮಾತ್ರ ಇಲ್ಲ. ಇರುವ ಒಳ್ಳೆಯ ಹೆಸರನ್ನು ಬೈಗುಳಕ್ಕೆ ಮೀಸಲಿಟ್ಟಿದ್ದೇವೆ. ಸಂಸ್ಕೃತದಿಂದ 'ಮಲ' ತರೋಣವೆಂದರೆ ಡಾಕ್ಟರಿಗೆ ಉಪನ್ಯಾಸ ಕೊಟ್ಟಂತಾಗುತ್ತದೆ. ಕೊನೆಗೆ ಅವರೇ ಅರ್ಥ ಮಾಡಿಕೊಂಡು "ಮೋಶನ್ ಟೆಸ್ಟ್" ಎಂದು ಚೀಟಿ ಬರೆದರು. ಪುಟ್ಟದೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಬೆಳಿಗ್ಗೆ ತುಂಬಿಸಿದ ಕೂಡಲೇ ಲ್ಯಾಬಿಗೆ ಮುಟ್ಟಿಸಬೇಕೆಂದರು.

ನಮ್ಮ ಊರು ಬೂದಿಕೋಟೆ, ಲ್ಯಾಬು ಬಂಗಾರಪೇಟೆಯಲ್ಲಿ. ಮರುದಿನ ಮೊದಲ ಬಸ್ಸಿನಲ್ಲಿ ಡಬ್ಬಿಯನ್ನು ಸೀರೆ ಅಂಗಡಿಯ ಚೀಲದಲ್ಲಿಟ್ಟು ಮಡಿಲಲ್ಲಿ ಹಿಡಿದು ಕೂತೆ. ಪಕ್ಕದಲ್ಲಿ ಡೈರಿಗೆ ಹಾಲು ಹಾಕುವ ನಾರಾಯಣಮ್ಮ. "ಅದೇನ್ ಮೇಷ್ಟ್ರೇ, ಅಷ್ಟು ಜೋಪಾನ್ವಾಗಿ ಇಡ್ಕಂಡಿದ್ದೀರ?" ಎಂದಳು. ಗಾಬರಿಯಲ್ಲಿ ಬಾಯಿಗೆ ಬಂದದ್ದು "ಜೇನುತುಪ್ಪ". ಅವಳ ಮುಖ ಅರಳಿತು. "ನಂಗೆ ಕೆಮ್ಮು ಬಿಡ್ತಾನೇ ಇಲ್ಲ, ಒಂದ್ ಚಮ್ಚ ಕೊಡ್ರಿ." ಬೇರೆಯವರಿಗೆ ಮಾತು ಕೊಟ್ಟಾಗಿದೆ ಎಂದೆ. ಬಂಗಾರಪೇಟೆ ಬರುವವರೆಗೂ ಅವಳು ನನ್ನ ಜಿಪುಣತನವನ್ನು ಕಿಟಕಿಗೆ ಹೇಳಿಕೊಳ್ಳುತ್ತಿದ್ದಳು.

ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ಕೂತಿದ್ದವಳು "ನಮಸ್ಕಾರ ಸಾರ್" ಎಂದು ಎದ್ದು ನಿಂತಳು. ಚಿನ್ನದ ಗಣಿಯ ಕೋರಮಂಡಲ್ ಕಾಲೋನಿಯ ಸೆಲ್ವಿ, ನನ್ನ ಹಳೆಯ ವಿದ್ಯಾರ್ಥಿನಿ. ತರಗತಿಯಿಂದ ಹೊರಗೆ ಹೋಗಬೇಕಾದವರು ಶುದ್ಧ ಕನ್ನಡದ ಪೂರ್ಣ ವಾಕ್ಯದಲ್ಲಿ ಅನುಮತಿ ಕೇಳಬೇಕೆಂದು ನಾನು ನಿಯಮ ಮಾಡಿದ್ದೆ. ಮನೆಯಲ್ಲಿ ತಮಿಳಾಡುವ ಆ ಹುಡುಗಿ ಒಮ್ಮೆ ವಾಕ್ಯ ಮುಗಿಸಲಾರದೆ ಹೊಟ್ಟೆ ಹಿಡಿದು ನಿಂತಿದ್ದಳು. ತರಗತಿಯೆಲ್ಲ ನಕ್ಕಿತ್ತು, ನಾನೂ ನಕ್ಕಿದ್ದೆ.

"ನೀರಾಗಿ ಹೋಗುತ್ತಾ ಸಾರ್, ಗಟ್ಟಿಗಾ? ರಕ್ತ, ಲೋಳೆ ಏನಾದ್ರೂ?"

ನಾನು ತಲೆಯನ್ನು ಎಲ್ಲ ದಿಕ್ಕಿಗೂ ಆಡಿಸಿದೆ.

"ಪರವಾಗಿಲ್ಲ ಸಾರ್, ಒಂದೇ ಪದದಲ್ಲಿ ಉತ್ತರಿಸಿ" ಎಂದಳು. ಸೇಡಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ನನಗೆ ಇನ್ನೂ ಸ್ವಲ್ಪ ಹಗುರವಾಗುತ್ತಿತ್ತು.

ಒಂದು ಗಂಟೆಯಲ್ಲಿ ಫಲಿತಾಂಶ ಬಂತು: ಅಮೀಬಾ. "ಇಲ್ಲಿನ ಪಾನಿಪುರಿಯದೇ ಕೆಲಸ" ಎಂದು ತೀರ್ಪು ಕೊಟ್ಟೆ.

"ಪಾನಿಪುರಿ ಮೇಲೆ ಯಾಕೆ ಹಾಕ್ತೀರ ಸಾರ್? ಮನೇಲಿ ನೀರು ಕಾಯಿಸಿ ಕುಡೀತೀರಾ?"

ನಾನು ಕಾಯಿಸಲು ಬಿಡುತ್ತಿರಲಿಲ್ಲ; ಕಾಯಿಸಿದ ನೀರಿಗೆ ರುಚಿಯಿಲ್ಲ ಎನ್ನುತ್ತಿದ್ದೆ.

"ಮೇಡಂಗೂ ಹೀಗೇ ಆಗ್ತಿದೆಯಾ?"

"ಇಲ್ಲ, ಅವಳು ಚೆನ್ನಾಗಿದ್ದಾಳೆ."

"ಕೇಳಿದ್ರಾ ಸಾರ್?"



ಮನೆಗೆ ಬಂದು ಕೇಳಿದೆ. ಹೆಂಡತಿ ಜಯಮ್ಮ ಗೋಡೆ ಹಿಡಿದುಕೊಂಡು ಕೂತಳು. "ನಂಗೂ ಒಂದೂವರೆ ತಿಂಗ್ಳಾಯ್ತು. ರಕ್ತಾನೂ ಓಗ್ತೈತೆ."

"ಹೇಳಬಾರದಾಗಿತ್ತಾ?"

"ಎಲ್ಲಿ ಏಳ್ಲಿ? ದಿನಾಲೂ ನಿಮ್ದು ಒಟ್ಟೆ ಕತೆ ಮುಗುದ್ರೆ ತಾನೆ?"

ಅವಳ ಡಬ್ಬಿಯನ್ನು ನಾನೇ ಒಯ್ದೆ. ಸೆಲ್ವಿ ವರದಿ ನೋಡಿ, ನಗದೆ, "ಇವತ್ತೇ ಅಡ್ಮಿಟ್ ಮಾಡಿ ಸಾರ್" ಎಂದಳು. ನಾಲ್ಕು ದಿನ ಸಲೈನ್ ಹಾಕಿದರು. ಇನ್ನೂ ಒಂದು ವಾರ ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು ಎಂದು ಡಾಕ್ಟರು ಹೇಳಿದಾಗ ಜಯಮ್ಮನ ಕೈ ಹಿಡಿದುಕೊಂಡೆ. ಅದು ಇಷ್ಟು ತೆಳ್ಳಗಾದದ್ದು ಯಾವಾಗ? ಒಂದೇ ಮನೆಯಲ್ಲಿದ್ದೂ ನಾನು ಕಂಡಿರಲಿಲ್ಲ. ನಡುವೆ ಬಟ್ಟೆ ತರಲು ಊರಿಗೆ ಬಂದಾಗ ಕುಡಿಯುವ ನೀರಿನ ಸಂಪಿನ ಮುಚ್ಚಳ ಎತ್ತಿದೆ. ಅಂಚು ಬಿರುಕು ಬಿಟ್ಟು ಬಚ್ಚಲ ನೀರು ಒಳಗೆ ಇಳಿಯುತ್ತಿತ್ತು. ಆ ಬಿರುಕನ್ನು ಅವಳು ಯುಗಾದಿಯಲ್ಲೇ ತೋರಿಸಿದ್ದಳು. ಗಾರೆಯವನನ್ನು ಕರೆಸುತ್ತೇನೆ ಎಂದು ನಾನು ಪೇಪರ್ ಓದುತ್ತಾ ಹೇಳಿದ್ದೆ. ಅಮೀಬಾಗಳನ್ನು ಅಷ್ಟು ಮುತುವರ್ಜಿಯಿಂದ ಸಾಕಿದವನು ನಾನೇ.

ಗಾರೆಯವನು ಬಂದ, ನೀರು ಕಾಯತೊಡಗಿತು, ಮಾತ್ರೆಗಳು ಮುಗಿದವು. ಒಂದು ತಿಂಗಳ ಮೇಲೆ ಇಬ್ಬರದೂ ಮತ್ತೆ ಪರೀಕ್ಷೆ. ಸೆಲ್ವಿ ಎರಡು ಲಕೋಟೆ ಕೊಟ್ಟಳು. ಲ್ಯಾಬಿನ ಮೆಟ್ಟಿಲ ಮೇಲೇ ಒಂದನ್ನು ಹರಿದು ಓದಿದೆ, ಬಸ್ಸಿನಲ್ಲಿ ಎರಡು ಸಲ ಓದಿದೆ. ಗೇಟಿನಿಂದಲೇ "ಜಯಾ, ನಾರ್ಮಲ್! ಏನೂ ಇಲ್ಲವಂತೆ!" ಎಂದು ಕೂಗಿದ್ದಕ್ಕೆ ಎದುರು ಮನೆಯವರು ಹೊರಗೆ ಬಂದು, ಯಾರಿಗೆ ಹೆರಿಗೆಯಾಯಿತು ಎಂದು ಕೇಳಿದರು.

ಜಯಮ್ಮ ವರದಿಯನ್ನು ತಿರುವಿ ಮುರುವಿ ನೋಡಿ, "ಇದು ನಂದು. ನಿಮ್ದೇನಾಯ್ತು?" ಎಂದಳು.

ಜೇಬು ಮುಟ್ಟಿ ನೋಡಿದೆ. ಇನ್ನೊಂದು ಲಕೋಟೆ ಅಂಟಿದ್ದು ಅಂಟಿದಂತೆಯೇ ಇತ್ತು.