ರಸ್ತೆಗೆ ಬೆನ್ನು ಹಾಕಿದ ಮನೆ

ಆರ್ಡಿಸಳ ಮನೆ ನಮ್ಮ ಮೇಲೆ ಮುನಿಸಿಕೊಂಡು ಕೂತಿದೆ ಎಂದು ಕಾಟರ್ ರಸ್ತೆಯವರು ಹೇಳುತ್ತಿದ್ದರು. ಎಲ್ಲರ ಮನೆಗಳೂ ರಸ್ತೆಯತ್ತ ಮುಖ ಮಾಡಿದ್ದರೆ ಅವಳದೊಂದು ಮಾತ್ರ ಬೆನ್ನು ತಿರುಗಿಸಿತ್ತು. ಹಾದು ಹೋಗುವವರಿಗೆ ಕಾಣುತ್ತಿದ್ದುದು ಅಡುಗೆಮನೆಯ ಕಿಟಕಿ, ಕಸದ ಡಬ್ಬಿ, ಒಣಗಲು ಹಾಕಿದ ಒರೆಸುವ ಬಟ್ಟೆ. ಹೊಸದಾಗಿ ಬಂದ ಅಂಚೆಯವನು ಮುಂಬಾಗಿಲು ಹುಡುಕಿಕೊಂಡು ಆ ಮನೆಗೆ ಎರಡು ಸುತ್ತು ಹಾಕಿದ್ದನ್ನು ನಾನೇ ನೋಡಿದ್ದೇನೆ. ಅದು ಹಾಗೆ ಕೂತದ್ದು ಹೇಗೆಂದು ಹೇಳುತ್ತೇನೆ, ಕೇಳಿ.

ಆರ್ಡಿಸ್ ಟೋಸ್ಟ್ರುಡ್ ಮನೆ ಸಾಗಿಸುವವಳು. ನಮ್ಮ ಕಡೆ ಮನೆಗಳೆಲ್ಲ ಮರದವು. ಅಡಿಗೆ ಉಕ್ಕಿನ ತೊಲೆ ತೂರಿಸಿ, ಜಾಕ್ ಕೊಟ್ಟು ಬೆರಳು ಬೆರಳಷ್ಟೇ ಎತ್ತಿ, ಗಾಲಿಯ ಮೇಲೆ ಕೂರಿಸಿದರೆ ಊರಿಂದೂರಿಗೆ ಹೊರಟುಬಿಡುತ್ತವೆ. ಗಂಡ ಹೋದ ಮೇಲೂ ಅವಳು ಈ ಕಸುಬು ಬಿಡಲಿಲ್ಲ. ಮನೆ ಹೊರಡುವ ಮುಂಚೆ ಅದರ ಅಡುಗೆಮನೆಯ ಮೇಜಿನ ಮೇಲೆ ಒಂದು ಲೋಟ ನೀರನ್ನು ಅಂಚಿನ ತನಕ ತುಂಬಿಸಿಡುವುದು ಅವಳ ಪದ್ಧತಿ. ಹೊಸ ಜಾಗದಲ್ಲಿ ಇಳಿದಾಗ ಒಂದು ಹನಿಯೂ ಚೆಲ್ಲಿರಬಾರದು. ಚೆಲ್ಲಿದ ದಿನ ಅವಳು ಯಾರ ಜೊತೆಗೂ ಕೂತು ಊಟ ಮಾಡುತ್ತಿರಲಿಲ್ಲ.

ಮಗಳು ಕ್ಯಾರಿನ್ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದಳು, ತಿಂಗಳಿಗೆ ಎರಡು ಸಲ ಬಂದರೆ ಹೆಚ್ಚು. ಹಾಗಾಗಿ ಮೊಮ್ಮಗಳು ಟಿಲ್ಡಾ ಬೆಳೆದದ್ದು ಅಜ್ಜಿಯ ಕೈಯಲ್ಲೇ. ಆ ಹುಡುಗಿ ಮನೆಯೊಳಗೆ ಗಿಳಿಯ ಹಾಗೆ ಮಾತಾಡುವಳು, ಹೊಸಿಲು ದಾಟಿದರೆ ಒಂದು ಸೊಲ್ಲಿಲ್ಲ. ಶಾಲೆಯಲ್ಲಿ ಅವಳ ಮಾತೆಲ್ಲ ಮಾರಿಬೆಲ್ ಒರ್ತೇಗಾ ಎಂಬ ಗೆಳತಿಯ ಕಿವಿಗೆ. ಮಾರಿಬೆಲ್ ತಲೆ ಬಾಗಿಸಿ ಕೇಳಿಸಿಕೊಂಡು, ಟೀಚರಿಗೆ ಗಟ್ಟಿಯಾಗಿ ಹೇಳುವಳು. ಐದು ವರ್ಷ ಇಬ್ಬರು ಮಕ್ಕಳು ಒಂದೇ ಬಾಯಲ್ಲಿ ಓದಿದರು.

ಅವರು ಐದನೇ ಕ್ಲಾಸಿನಲ್ಲಿದ್ದ ವಸಂತದಲ್ಲಿ ಶಾಲಾ ಮಂಡಳಿ ಹೊಸ ನಕ್ಷೆ ತಂದಿತು. ಅಲ್ಲಿಯ ತನಕ ಪ್ರಾಥಮಿಕ ಶಾಲೆಯಲ್ಲೇ ಇದ್ದ ಆರನೇ ಕ್ಲಾಸು ಇನ್ನು ಮಾಧ್ಯಮಿಕ ಶಾಲೆಗೆ. ಊರಿಗೆ ಅಂಥ ಶಾಲೆ ಎರಡು, ಪೂರ್ವದ್ದೊಂದು, ಸಕ್ಕರೆ ಕಾರ್ಖಾನೆಯ ಆಚೆ ಪಶ್ಚಿಮದ್ದೊಂದು. ಯಾರ ಮಗು ಎಲ್ಲಿಗೆ ಎಂದು ಹೇಳುವ ಗಡಿಗೆರೆ ಕಾಟರ್ ರಸ್ತೆಯ ನಟ್ಟನಡುವೆ ಹಾದುಹೋಗಿತ್ತು. ಆಗ ರಸ್ತೆಯ ಈಚೆ ಬದಿಯಲ್ಲಿದ್ದ ಟಿಲ್ಡಾ ಪಶ್ಚಿಮಕ್ಕೆ. ರಸ್ತೆಯಾಚೆ, ಖಾಲಿ ನಿವೇಶನದ ಹಿಂದಿನ ಮನೆಯ ಮಾರಿಬೆಲ್ ಪೂರ್ವಕ್ಕೆ.

ಸಭೆ ಸೇರಿದ್ದು ಶಾಲೆಯ ಒಳಾಂಗಣ ಆಟದ ಕೋಣೆಯಲ್ಲಿ. ಒಬ್ಬೊಬ್ಬರಿಗೆ ಮೂರು ನಿಮಿಷ. ಮಂಡಳಿಯ ಅಧ್ಯಕ್ಷ ಸ್ಕೋಗನ್ ಮನೆಯಿಂದ, ಮೊಟ್ಟೆ ಬೇಯಿಸುವಾಗ ನಿಮಿಷ ಎಣಿಸುವ ಪುಟ್ಟ ಗಡಿಯಾರ ತಂದಿದ್ದ. ಕೋಳಿಯ ಆಕಾರದ್ದು, ಹೊತ್ತು ಮುಗಿದರೆ ಗಂಟೆ ಹೊಡೆಯುತ್ತಿತ್ತು.

"ಆರನೇ ಕ್ಲಾಸಿನ ಮಕ್ಕಳಿಗೆ ಇನ್ನೂ ಹಾಲುಹಲ್ಲು ಬೀಳ್ತಿರುತ್ತೆ ಕಣ್ರೀ, ಎಂಟನೇ ಕ್ಲಾಸಿನವರಿಗೆ ಮೀಸೆ. ಇಬ್ರನ್ನೂ ಒಂದೇ ಬಸ್ಸಲ್ಲಿ ಕೂರಿಸ್ತೀರಾ?" ಅಂದಳು ಲೋರ್ನಾ. ಅವಳು ಪೂರ್ವದ ಶಾಲೆಯ ಅಡುಗೆಯವಳು.

"ನನ್ ಮಗನಿಗೆ ಆರರಲ್ಲೇ ಮೀಸೆ ಬಂದಿತ್ತು. ಅವನೇನ್ ಯಾರನ್ನೂ ತಿನ್ಲಿಲ್ಲ," ಎಂದ ಹಿಂದಿನ ಸಾಲಿನ ಒಬ್ಬ ತಂದೆ.

"ನಿನ್ ಮಗನ ವಿಷ್ಯ ಎತ್ಬೇಡಪ್ಪ. ಮಕ್ಕಳನ್ನ ಬಿಟ್ಟು ಮಿಕ್ಕಿದ್ದೆಲ್ಲ ತಿಂದೋನು ಅವನು. ಬಡ್ಸಿದ್ದು ನಾನೇ."

ಸಭೆಯೆಲ್ಲ ನಕ್ಕಿತು, ಕೋಳಿ ಗಂಟೆ ಹೊಡೆಯಿತು. ಆರನೇ ಕ್ಲಾಸಿಗೇ ಪ್ರಯೋಗಶಾಲೆ ಸಿಕ್ಕರೆ ಒಳ್ಳೆಯದಲ್ಲವೇ ಎಂದು ಕೆಲವರು, ಮಕ್ಕಳನ್ನು ಇನ್ನೊಂದು ವರ್ಷ ಮಕ್ಕಳಾಗಿಯೇ ಇರಲು ಬಿಡಿ ಎಂದು ಕೆಲವರು. ಆರ್ಡಿಸಳ ಸರದಿ ಬಂತು.

"ಸ್ಕೋಗನ್, ಈ ಗೆರೆ ಪೆನ್ಸಿಲಿನದ್ದೋ ಪೆನ್ನಿನದ್ದೋ?"

"ಪೆನ್ನಿನದ್ದೇ ಆರ್ಡಿಸ್. ಒಂದು ಮಗುಗೋಸ್ಕರ ಸರಿಸಿದ್ರೆ ನಾಳೆ ನೂರು ಜನ ಬಂದು ಕೂರ್ತಾರೆ."

"ಸರಿಸ್ಬೇಡಿ. ಮನೆ ಗೆರೆಯಿಂದಾಚೆ ಇದ್ರೆ ಮಗು ಆಚೆ ಕಡೆ ಶಾಲೆಗೆ. ಅಷ್ಟೇ ತಾನೆ?"

"ಅಷ್ಟೇ."

"ಹಾಗಾದ್ರೆ ಮನೇನೇ ಸರಿಸ್ತೀನಿ."

ಅವನು ನಕ್ಕ. ಅವಳು ನಗಲಿಲ್ಲ. ಕೋಳಿ ಇನ್ನೂ ಟಿಕ್ ಟಿಕ್ ಎನ್ನುತ್ತಿತ್ತು. "ನಂದು ಎರಡು ನಿಮಿಷ ಮಿಕ್ತು, ಲೋರ್ನಾಗೆ ಕೊಟ್ಬಿಡಿ. ಅವಳ ಮಾತು ಮುಗಿಯೋದಲ್ಲ," ಎಂದು ಕೋಟು ತೊಟ್ಟು ಹೊರಟೇಬಿಟ್ಟಳು.

ಎದುರಿನ ಖಾಲಿ ನಿವೇಶನ ಚರ್ಚಿನದ್ದು. ಚರ್ಚಾದರೋ ಇವಳ ಪಕ್ಕದಲ್ಲೇ ಇತ್ತು, ಭಾನುವಾರ ಕಾರು ನಿಲ್ಲಿಸಲು ಜಾಗವಿಲ್ಲದೆ ಒದ್ದಾಡುತ್ತಿತ್ತು. ಜಾಗಕ್ಕೆ ಜಾಗ ಬದಲಾಯಿತು.

ಆಗಸ್ಟಿನ ಒಂದು ಬೆಳಗಿನ ಜಾವ ಮನೆ ಎದ್ದಿತು. ಸಕ್ಕರೆಗೆಂದು ಬೆಳೆಯುವ ಬೀಟ್ ಗೆಡ್ಡೆಯ ಹೊಲಗಳ ಕಡೆಯಿಂದ ಮಂಜು ಬಂದು ಗಾಲಿಗಳನ್ನು ಮುಚ್ಚಿತ್ತು, ಹಾಗಾಗಿ ನಮಗೆ ಕಂಡದ್ದು ಬರೀ ಮನೆ. ಹೊಗೆಗೂಡು, ಜಗಲಿ, ಲೇಸಿನ ಪರದೆ ಸಮೇತ ಅದು ಹಾಲಿನಲ್ಲಿ ತೇಲುವ ಹಾಗೆ ರಸ್ತೆಗಿಳಿಯಿತು. ನಾವೆಲ್ಲ ಕುರ್ಚಿ ಹಾಕಿಕೊಂಡು ಕಾಫಿ ಹಿಡಿದು ಕೂತಿದ್ದೆವು. ವಿದ್ಯುತ್ತಿನವರು ಉದ್ದ ಕೋಲುಗಳಿಂದ ತಂತಿಗಳನ್ನು ಎತ್ತಿ ಹಿಡಿದರು, ತಲೆಬಾಗಿಲಿನ ತೋರಣ ಎತ್ತಿದಂತೆ. ಮನೆಯ ಮುಂದೆ ಆರ್ಡಿಸ್ ಒಂದು ಕೈ ಮೇಲೆತ್ತಿ, ಅದರ ಮುಖವನ್ನೇ ನೋಡುತ್ತ, ಹಿಂದಹಿಂದಕ್ಕೆ ಹೆಜ್ಜೆ ಇಡುತ್ತಿದ್ದಳು. ಅವಳು ನಿಂತರೆ ಮನೆ ನಿಲ್ಲುವುದು, ನಡೆದರೆ ನಡೆಯುವುದು. ರಸ್ತೆಯ ನಡುವೆ, ಆ ಗೆರೆಯ ಮೇಲೆ, ಒಂದು ಗಳಿಗೆ ಅದು ಯೋಚಿಸಿದಂತೆ ನಿಂತಿತು. ಆಮೇಲೆ ದಾಟಿತು.

"ತಿರುಗಿಸಿ ಇಡ್ಬಾರ್ದಿತ್ತಾ? ಈಗ ರಸ್ತೆಗೆ ಬೆನ್ನು ಬಂತಲ್ಲ," ಎಂದ ಸ್ಕೋಗನ್. ಅವನೂ ಕುರ್ಚಿ ತಂದಿದ್ದ.

"ತಿರುಗಿಸ್ಬೇಕಂದ್ರೆ ಎರಡು ಎಲ್ಮ್ ಮರ ಕಡೀಬೇಕು. ಅದೂ ಅಲ್ದೆ ನಾನ್ ಈ ಕಡೆ ಬಂದಿದ್ದು ರಸ್ತೆ ನೋಡೋಕಲ್ಲ."

ಮುಂಬಾಗಿಲು ತೆರೆದರೆ ನೇರ ಎದುರಿಗೆ ಮಾರಿಬೆಲ್ ಮನೆಯ ಅಡುಗೆಕೋಣೆಯ ಬಾಗಿಲು. ಒಳಗೆ ಮೇಜಿನ ಮೇಲಿನ ಲೋಟದಲ್ಲಿ ನೀರು ಅಂಚಿಗೇ ನಿಂತಿತ್ತು, ಕಿಟಕಿಯ ಬಿಂಬವೊಂದು ಪುಟ್ಟದಾಗಿ ಅದರ ಮೇಲೆ ತೇಲುತ್ತಿತ್ತು. ಬಿಸಿಲು ದಿನವೂ ಬರುವ ಕಿಟಕಿಯಲ್ಲೇ ಬಂತು. ಟಿಲ್ಡಾ ಕೋಣೆ ಕೋಣೆ ಸುತ್ತಿ ಬಂದು ಹೇಳಿದಳು: "ಮನೆ ಎಲ್ಲೂ ಹೋಗ್ಲಿಲ್ಲ ಅಜ್ಜಿ. ರಸ್ತೆನೇ ಈ ಕಡೆಯಿಂದ ಆ ಕಡೆಗೆ ಹೋಗಿ ಮಲಗ್ತು."

ಆ ಎರಡು ಬಾಗಿಲುಗಳ ನಡುವಿನ ಹುಲ್ಲು ಚಳಿಗಾಲಕ್ಕೆ ಮುಂಚೆಯೇ ಸವೆದು ಕಾಲುದಾರಿಯಾಯಿತು. ಆರನೇ ಕ್ಲಾಸು ಪಿಸುಮಾತಿನಲ್ಲೇ ಕಳೆಯಿತು. ಏಳನೆಯದರಲ್ಲಿ, ಹಿಮ ಮೊಣಕಾಲುದ್ದ ಬಿದ್ದಿದ್ದಾಗ, ಮಾರಿಬೆಲ್ ಜ್ವರ ಬಂದು ಒಂದು ವಾರ ಮಲಗಿದಳು. ಮೂರು ದಿನ ಟಿಲ್ಡಾ ಬಾಯಿ ಬಿಡದೆ ಹೋಗಿ ಬಂದಳು. ನಾಲ್ಕನೆಯ ದಿನ ಊಟದ ಸಾಲಿನಲ್ಲಿ ಲೋರ್ನಾಳ ಮುಂದೆ ನಿಂತು, "ಎರಡು ಬ್ರೆಡ್ ಕೊಡಿ. ಒಂದು ಮಾರಿಬೆಲ್‌ಗೆ," ಅಂದಳಂತೆ. ಲೋರ್ನಾ ಸೌಟು ಕೆಳಗಿಟ್ಟಳು. ಆಮೇಲೆ ನಾಲ್ಕು ಬ್ರೆಡ್ ಕಟ್ಟಿಕೊಟ್ಟು, ಕೆಲಸ ಮುಗಿದದ್ದೇ ಏಪ್ರನ್ ಕೂಡ ಬಿಚ್ಚದೆ ಆರ್ಡಿಸಳ ಮನೆಗೆ ಓಡಿ ಬಂದಳು. ನಾನು ಅಲ್ಲೇ ಇದ್ದೆ. ಆರ್ಡಿಸ್ ಕೇಳಿಸಿಕೊಂಡು, ಕುರ್ಚಿ ಎಳೆದು ಕೂತು, ಬಾಗಿಲಾಚೆಯ ಕಾಲುದಾರಿಯನ್ನು ನೋಡಿದಳು. ಅದರ ಮೇಲೆ ಹಿಮ ಬೀಳುತ್ತಿತ್ತು.

ಮರುವರ್ಷ ಮಂಡಳಿ ಆರನೇ ಕ್ಲಾಸನ್ನು ಮತ್ತೆ ಪ್ರಾಥಮಿಕಕ್ಕೇ ಕಳಿಸಿತು. ಗೆರೆ ರೈಲು ಹಳಿಯ ಹತ್ತಿರಕ್ಕೆ ಸರಿಯಿತು. ಕಾಟರ್ ರಸ್ತೆಯ ಎರಡೂ ಬದಿ, ಹಿಂದಿನ ಬೀದಿ, ಎಲ್ಲ ಪಶ್ಚಿಮಕ್ಕೆ; ಮನೆ ದಾಟಿಸದಿದ್ದರೂ ಇಬ್ಬರು ಹುಡುಗಿಯರೂ ಈಗ ಒಂದೇ ಶಾಲೆಗೆ. ಮತ್ತೆ ಸಭೆ, ಮತ್ತೆ ಕೋಳಿ.

"ಈಗೇನ್ ಮಾಡ್ತೀರಿ ಆರ್ಡಿಸ್?" ಎಂದ ಸ್ಕೋಗನ್, ಸ್ವಲ್ಪ ತಲೆ ತಗ್ಗಿಸಿಯೇ.

"ನನ್ ಕೆಲ್ಸ ಆಯ್ತಪ್ಪ. ಈ ಸಲ ಬೇರೆಯವ್ರು ಹೊತ್ಕೊಳ್ಲಿ."

ಅದಾಗಿ ಹತ್ತು ವರ್ಷ ಕಳೆಯಿತು. ಆರ್ಡಿಸಳ ಮಂಡಿ ಮೆಟ್ಟಿಲು ಹತ್ತಲು ಒಪ್ಪದಾಯಿತು. ಕ್ಯಾರಿನ್ ಲಾರಿ ಬಿಟ್ಟು ಸರೋವರದ ದಡದ ಊರಿನಲ್ಲಿ ನೆಲಮಟ್ಟದ ಮನೆ ಹಿಡಿದಳು. ಕಳೆದ ಸೆಪ್ಟೆಂಬರಿನಲ್ಲಿ ಅಜ್ಜಿಯನ್ನು ಕರೆದೊಯ್ಯಲು ಟಿಲ್ಡಾ ಬಂದಳು. ಈಗ ಅವಳ ಮಾತಿಗೆ ತಡೆಯೇ ಇಲ್ಲ. "ಸ್ವೆಟರ್ ಹಾಕ್ಕೋ ಅಜ್ಜಿ, ಕೋಲೆಲ್ಲಿ, ಮಾರಿಬೆಲ್ ಅವ್ರ ಮನೆ ಹತ್ರ ಕಾರು ಸ್ಟಾರ್ಟ್ ಮಾಡಿ ಕಾಯ್ತಿದಾಳೆ," ಎಂದು ಒಂದೇ ಸಮ.

ಆರ್ಡಿಸ್ ನಲ್ಲಿಯ ಹತ್ತಿರ ನಿಂತು ಲೋಟಕ್ಕೆ ನೀರು ತುಂಬಿಸುತ್ತಿದ್ದಳು.

"ಮನೆ ಎಲ್ಲೂ ಹೋಗ್ತಿಲ್ಲ ಅಜ್ಜಿ. ಹೋಗ್ತಿರೋದು ನೀನು."

"ಗೊತ್ತು ಕಣೇ. ಯಾರ್ ಹೊರಟ್ರೂ ಇಡೋದು ಇಡ್ಬೇಕು."

ಮೇಜಿನ ಮೇಲೆ ಲೋಟ ಇಟ್ಟು, ನೀರು ಅಲುಗಾಡುವುದು ನಿಲ್ಲುವ ತನಕ ಕಾದಳು. ಮುಂಬಾಗಿಲಿನಿಂದ ಇಳಿದು, ಮೊಮ್ಮಗಳ ತೋಳು ಹಿಡಿದು, ಮನೆಯತ್ತ ತಿರುಗಿದಳು. ಒಂದು ಕೈ ಮೇಲೆತ್ತಿ, ಅದರ ಮುಖ ನೋಡುತ್ತ, ಕಾಲುದಾರಿಯಲ್ಲಿ ಹಿಂದಹಿಂದಕ್ಕೆ ಹೆಜ್ಜೆ ಇಟ್ಟಳು. ನಡುವೆ ಒಮ್ಮೆ ನಿಂತು ಕಾದಳು. ಮನೆ ಬರಲಿಲ್ಲ. ಕೈ ಇಳಿಸಿ, ಕಾರಿನ ಕಡೆ ತಿರುಗಿದಳು.