ನಾನು ಉಡಿಸಿದ ನೀಲಿ ಸೀರೆ

ಮೊನ್ನೆ ಕಪಾಟು ಒರೆಸುವಾಗ ನನ್ನ ಮೊದಲ ಕಥಾಸಂಕಲನದ ಹಳೆಯ ಪ್ರತಿಯೊಂದು ಕೈಗೆ ಸಿಕ್ಕಿತು. ಪಕ್ಕದ ಮನೆಯ ಅಜ್ಜಿ ತೀರಿಕೊಂಡ ಮೇಲೆ ಅವರ ಸೊಸೆ ಹಿಂದಿರುಗಿಸಿದ್ದು. ಆಗ ತೆರೆದು ನೋಡುವ ಧೈರ್ಯ ಇರಲಿಲ್ಲ. ಈಗ ತೆರೆದರೆ, ರೈಲಿನ ಕಥೆಯ ತಲೆಬರಹದ ಪಕ್ಕದಲ್ಲಿ ಅರಿಶಿನದ ಚುಕ್ಕೆಗಳು. ಒಂದಲ್ಲ, ಸಾಲಾಗಿ ಹಲವು.

ಸಹಕಾರನಗರದಲ್ಲಿ ಎಲ್ಲರಿಗೂ ಗೊತ್ತಿದ್ದ ಗುರುತು ಅದು. ಬಾಡಿಗೆ ಲೈಬ್ರರಿಯ ಕಾದಂಬರಿ ಓದಿ ಮುಗಿಸಿದರೆ ಅಜ್ಜಿ ಬೆರಳಲ್ಲಿ ಅರಿಶಿನ ತಂದು ಒಂದು ಚುಕ್ಕೆ ಇಡುತ್ತಿದ್ದರು, ಮರೆತು ಅದನ್ನೇ ಮತ್ತೆ ತರಬಾರದು ಅಂತ. ಲೈಬ್ರರಿಯವನು ಗೊಣಗಿದರೆ, "ಬರೀ ಅರಿಶಿನ ಕಣಪ್ಪಾ, ಪುಸ್ತಕಕ್ಕೂ ಒಳ್ಳೇದು" ಅನ್ನುತ್ತಿದ್ದರು.

ಇದ್ದೊಬ್ಬ ಮಗಳನ್ನು ಯಲಹಂಕ ಸ್ಟೇಷನ್ನಿನಲ್ಲಿ ಗಂಡನ ಊರಿಗೆ ರೈಲು ಹತ್ತಿಸಿದ್ದನ್ನು ನನಗೆ ಎಷ್ಟೋ ಸಲ ಹೇಳಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಮೊದಲೇ ಅವಳು ಜ್ವರದಲ್ಲಿ ಹೋಗಿಬಿಟ್ಟಳು. ಆವತ್ತು ಕಿಟಕಿಯಲ್ಲಿ ಕಂಡದ್ದೇ ಕೊನೆ. ಕಥೆ ಬರೆಯಲೇ ಎಂದು ಕೇಳಿದ್ದಕ್ಕೆ, "ಬರಿಯೇ, ಯಾರಾದ್ರೂ ಅವಳನ್ನ ನೆನಪಿಟ್ಕೊಳ್ಲಿ" ಅಂದರು. ಅವಳು ಆವತ್ತು ಉಟ್ಟಿದ್ದ ಸೀರೆಯ ಬಣ್ಣ ಕೇಳುವುದು ಮರೆತೆ. ಚೆನ್ನಾಗಿ ಕೇಳಿಸಿತೆಂದು 'ಕಿಟಕಿ ತುಂಬ ನೀಲಿ' ಎಂದು ಬರೆದೆ.

ಪುಸ್ತಕ ಬರುವಷ್ಟರಲ್ಲಿ ಅಜ್ಜಿಗೆ ಮರೆವು ಹತ್ತಿತ್ತು. ಪಕ್ಕ ಕೂತು ಓದಿ ಹೇಳಿದೆ. ರೈಲು ಹೊರಡುವಲ್ಲಿ ನನ್ನ ಕೈ ಹಿಡಿದರು.

"ನೀಲಿ ಅಲ್ಲ ಕಣೇ, ಹಸಿರು. ಸೆರಗು ನಾನೇ ಸರಿ ಮಾಡಿದ್ದು."

ಏನೆಲ್ಲ ಮರೆತಿದ್ದರು... ಇದೊಂದು ಉಳಿದಿತ್ತು. ಮುಂದಿನ ಮುದ್ರಣದಲ್ಲಿ ತಿದ್ದುತ್ತೇನೆ ಎಂದು ಹೇಳಿ, ಪುಸ್ತಕ ಅವರಲ್ಲೇ ಬಿಟ್ಟು ಬಂದೆ. ಆಮೇಲೆ ಅವರ ಕೈಯಲ್ಲಿ ಯಾವಾಗಲೂ ಅದೇ ಪುಸ್ತಕ. ಓದುವರು, ಚುಕ್ಕೆ ಇಡುವರು, ಓದಿದ್ದು ನೆನಪಿಲ್ಲದೆ ಮತ್ತೆ ಮೊದಲಿಂದ ಶುರು ಮಾಡುವರು.

ಒಂದು ಸಂಜೆ ಹೂಬತ್ತಿ ಹೊಸೆಯುತ್ತ ತಾವಾಗಿಯೇ ಮಗಳ ಮಾತು ತೆಗೆದರು.

"ಆವತ್ತು ನೀಲಿ ಸೀರೆ ಉಟ್ಟಿದ್ಲು ನೋಡು. ಕಿಟಕಿ ತುಂಬ ನೀಲಿ."

"ಹಸಿರಲ್ವಾ ಅಜ್ಜಿ?"

"ನಿಂಗೇನೇ ಗೊತ್ತು? ನೀನಿದ್ಯಾ ಅಲ್ಲಿ?" ಎಂದು ನಕ್ಕರು.

ನನಗೆ ಭಯವಾಯಿತು. ಅವರ ಬಾಯಲ್ಲಿ ಬಂದದ್ದು ನನ್ನ ವಾಕ್ಯ. ಹಸಿರು ಎಂದು ಇನ್ನೆರಡು ಸಲ ಹೇಳಿ ನೋಡಿದೆ, ಅವರು ಒಪ್ಪಲಿಲ್ಲ.

ಆ ನೀಲಿಯನ್ನೇ ಕಣ್ಣಲ್ಲಿಟ್ಟುಕೊಂಡು ಅಜ್ಜಿ ಹೋದರು. ಪುಸ್ತಕ ಎರಡನೆಯ ಮುದ್ರಣ ಕಾಣಲೇ ಇಲ್ಲ. ಮೊನ್ನೆ ಪೆನ್ನು ತಂದು ನೀಲಿ ಹೊಡೆದುಹಾಕಿ ಹಸಿರು ಎಂದು ಬರೆದೆ. ಆಮೇಲೆ ಕಣ್ಣು ಮುಚ್ಚಿ ಆ ಕಿಟಕಿಯನ್ನು ನೆನೆದೆ... ಅಲ್ಲಿ ಕೂತಿದ್ದವಳು ನೀಲಿಯನ್ನೇ ಉಟ್ಟಿದ್ದಳು.