ಅಕ್ಕನ ಸೂಟಿ

ಅಕ್ಕನ ಬಗ್ಗೆ ಜಂಬ ಕೊಚ್ಚಿಕೊಳ್ಳುವುದು ನನ್ನ ಹಳೆಯ ಚಾಳಿ. ಬೆಳಗಾವಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ ತಲೆನೋವು ಎಂದರೆ ಸಾಕು, ನಾನು ಖಾನಾಪುರದ ಅಕ್ಕನ ಕತೆ ಶುರು ಮಾಡುತ್ತಿದ್ದೆ. ಮಾಮಾ, ಅಂದರೆ ಅಕ್ಕನ ಗಂಡ, ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಚ್ಚು ಹಾಕುವ ಕೆಲಸದಲ್ಲಿದ್ದವರು. ಒಂದು ಮುಂಜಾನೆ ಹಲ್ಲುಜ್ಜುತ್ತಿದ್ದಾಗ ಲಕ್ವಾ ಹೊಡೆದು ಬಲಗೈ, ಬಲಗಾಲು, ಅರ್ಧ ಮಾತು ಹೋಯಿತು. ಅಂದಿನಿಂದ ಮೂರು ವರ್ಷ ಅಕ್ಕ ಅವರನ್ನು ಎತ್ತಿದ್ದಾಳೆ, ಇಳಿಸಿದ್ದಾಳೆ, ಮೀಯಿಸಿದ್ದಾಳೆ, ಉಣಿಸಿದ್ದಾಳೆ, ಹೊಲಿಗೆ ಮಷೀನು ತುಳಿದು ಮನೆ ನಡೆಸಿದ್ದಾಳೆ. ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. "ನಮ್ಮಕ್ಕ ಗಟ್ಟಿ" ಎನ್ನುವಾಗ ಅದರಲ್ಲಿ ಅರ್ಧ ಪಾಲು ನನ್ನನ್ನೇ ಹೊಗಳಿಕೊಂಡಂತೆ ಹಿತವಾಗುತ್ತಿತ್ತು.

ವಾರಕ್ಕೊಮ್ಮೆ ಅವಳು ಮಾಮಾನನ್ನು ಬೆಳಗಾವಿಯ ಒಂದು ಆಸ್ಪತ್ರೆಗೆ ವ್ಯಾಯಾಮಕ್ಕೆ ಕರೆತರುತ್ತಿದ್ದಳು. ಶನಿವಾರ ಶಾಲೆ ಬೆಳಗಿನದಷ್ಟೇ, ಮುಗಿಸಿಕೊಂಡು ನಾನೂ ಹೋಗಿ ಸೇರುತ್ತಿದ್ದೆ. ಅಲ್ಲಿಗೆ ಹೊಸದಾಗಿ ಒಬ್ಬ ಕೌನ್ಸೆಲರ್ ಬಂದಿದ್ದರು. ಮೈಸೂರು ಕಡೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು, ಮೆದು ಮಾತು. ರೋಗಿಗಳನ್ನು ನೋಡಿಕೊಳ್ಳುವವರ ಮನಸ್ಸು ಹೇಗಿದೆ ಎಂದು ಕೇಳಿ ಬರೆದುಕೊಳ್ಳುವುದು ಅವರ ಕೆಲಸ. ಬೆಂಚಿನ ಮೇಲೆ ಅಕ್ಕನ ಪಕ್ಕ ಕುಳಿತು ಹಾಳೆ ತೆಗೆದರು.

"ನಿಮಗೆ ಆಗಾಗ ಬೇಸರ ಆಗುತ್ತಾ ಅಮ್ಮ?"

"ಬ್ಯಾಸರ?" ಅಕ್ಕ ನಕ್ಕಳು. "ಬ್ಯಾಸರ ಆಗಾಕ ಹೊತ್ತರ ಎಲ್ಲೈತ್ರಿ ಮ್ಯಾಡಮ್? ಇವರನ್ನ ಎಬ್ಬಸೂದು, ಮಷೀನ ತುಳಿಯೂದು, ಭಾಂಡಿ ತಿಕ್ಕೂದು. ಖಾಲಿ ಕುಂತವ್ರಿಗೆ ಬ್ಯಾಸರ ಬರತೈತಿ."

"ನಿದ್ದೆ ಚೆನ್ನಾಗಿ ಬರುತ್ತಾ?"

"ಬರಾಕ ಬರತೈತ್ರಿ. ಇವರು ಬಿಡಬೇಕಲ್ಲ!"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಕೌನ್ಸೆಲರ್ ಮೆಚ್ಚುಗೆಯಿಂದ ತಲೆಯಾಡಿಸಿ, ಬೇಸರ ಇಲ್ಲ ಎಂದು ಗುರುತು ಹಾಕಿಕೊಂಡು ಮುಂದಿನವರ ಕಡೆ ಹೋದರು.

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ಆ ಮ್ಯಾಡಮ್ ಊರಿನ ಬೇಸರ ಎಂದರೆ ದುಃಖ, ನಮ್ಮೂರಿನ ಬ್ಯಾಸರ ಎಂದರೆ ಕೆಲಸವಿಲ್ಲದೆ ಹೊತ್ತು ಹೋಗದಿರುವುದು, ಇದು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ನಾನಾರ್ಥ ಬರೆಸಿದ್ದೇನೆ. ಆದರೂ ಬಾಯಿ ಮುಚ್ಚಿಕೊಂಡಿದ್ದೆ, ಯಾಕೆಂದರೆ ಅಕ್ಕನ ಉತ್ತರ ನನಗೆ ಇಷ್ಟವಾಗಿತ್ತು. ಸೋಮವಾರ ಸ್ಟಾಫ್ ರೂಮಿನಲ್ಲಿ ಹೇಳಲು ಹೊಸ ಕತೆ ಸಿಕ್ಕಿತ್ತು.

ಅಂದು ಅವರನ್ನು ಖಾನಾಪುರಕ್ಕೆ ಬಿಡಲು ನಾನೂ ಹೊರಟೆ. ಬಾಡಿಗೆಯ ಟಂಟಂ ರಿಕ್ಷಾದಲ್ಲಿ ಮಾಮಾ ಎದುರು ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದರು.

"ಆ ಮ್ಯಾಡಮ್ ಎಂಥಾ ಪ್ರಶ್ನಿ ಕೇಳತಾರ ನೋಡ," ಎಂದಳು ಅಕ್ಕ. "ಗಂಡಗ ಲಕ್ವಾ ಹೊಡದಾಕಿಗೆ ಬ್ಯಾಸರ ಬರತೈತೇನ ಅಂತ!"

"ಅದು ಹಂಗಲ್ಲಕ್ಕ," ಎಂದೆ ನಗುತ್ತಲೇ. "ಅವರ ಕಡೆ ಬ್ಯಾಸರ ಅಂದ್ರ ದುಃಖ. ಜೀವಕ್ಕ ಸಂಕಟ ಆಗತೈತೇನ ಅಂತ ಕೇಳಿದ್ದು."

ಅಕ್ಕ ನಗಲಿಲ್ಲ.

"ಹಂಗಂತ ಕೇಳಬೇಕಿತ್ತು. ಹೌದಂತಿದ್ದೆ."

ಆಮೇಲೆ ಒಂದೊಂದೇ ಹೇಳಿದಳು. ಮುಂಜಾನೆ ಕಣ್ಣು ತೆರೆದ ಕೂಡಲೇ ಎದೆ ಹಾರುತ್ತದೆ. ರೊಟ್ಟಿ ಬಡಿಯುವಾಗ ಕೈ ನಿಂತುಬಿಡುತ್ತದೆ, ಹಂಚಿನ ಮೇಲಿದ್ದದ್ದು ಸೀದು ವಾಸನೆ ಬರುವ ತನಕ ಗೊತ್ತೇ ಆಗುವುದಿಲ್ಲ. ಹಿಂದಿನ ತಿಂಗಳು ಒಂದು ಮಧ್ಯಾಹ್ನ, ಮಾಮಾ ಮಲಗಿದ್ದಾಗ, ಬರಿಗೈಯಲ್ಲಿ ಎದ್ದು ಸ್ಟೇಷನ್ನಿಗೆ ಹೋಗಿ ಕೂತಿದ್ದಳಂತೆ.

"ಲೋಂಡಾ ಕಡೆ ಹೋಗೂ ಗಾಡಿ ಬಂತು. ಹತ್ತಿ ಹೋಗಿಬಿಡಬೇಕು ಅನ್ನಿಸ್ತು. ಎಲ್ಲಿಗೆ ಅಂತ ಗೊತ್ತಿಲ್ಲ. ಕಾಲ ಏಳಲಿಲ್ಲ. ಗಾಡಿ ಹೋತು, ನಾ ಮನಿಗೆ ಬಂದ್ನಿ." ನನ್ನ ಕಡೆ ತಿರುಗಿ, "ಮುಂದಿನ ಸಲ ಕಾಲ ಎದ್ದುಬಿಟ್ರ ಏನ ಮಾಡ್ಲೆವಾ?" ಎಂದಳು.

ನನಗೆ ಹೆದರಿಕೆಯಾಯಿತು. ಸಿಟ್ಟೂ ಬಂತು, ನನ್ನ ಮೇಲೆ. ಗಟ್ಟಿ, ಗಟ್ಟಿ ಎಂದು ಊರಿಗೆಲ್ಲ ಸಾರಿ, ಅವಳು ಮೆತ್ತಗಾಗಲು ಜಾಗವೇ ಇಲ್ಲದಂತೆ ಮಾಡಿದವರಲ್ಲಿ ನಾನೇ ಮೊದಲಿಗಳು. ಆಗ ಮಾಮಾ ಕಣ್ಣು ತೆರೆದರು. ಅವರು ನಿದ್ದೆ ಮಾಡಿರಲೇ ಇಲ್ಲ. ಎಡಗೈಯನ್ನು ಅಕ್ಕನ ಮೊಣಕಾಲಿನ ಮೇಲಿಟ್ಟು, ತೊದಲುತ್ತ, "ಮ್ಯಾಡಮ್‌ಗ ಹೇಳು" ಎಂದರು. ಅಷ್ಟು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಮುಂದಿನ ಶನಿವಾರ ನಾನೇ ಎಲ್ಲ ವಿವರಿಸಬೇಕೆಂದು ಮನಸ್ಸಿನಲ್ಲೇ ಪಾಠ ಮಾಡಿಕೊಂಡು ಹೋಗಿದ್ದೆ. ಅಕ್ಕ ಅವಕಾಶ ಕೊಡಲಿಲ್ಲ. ಅದೇ ತುಂಬಿದ ಬೆಂಚು, ಹೋದ ವಾರ ನಕ್ಕವರೇ ಸುತ್ತ. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಮ್ಯಾಡಮ್, ಹ್ವಾದ ವಾರ ನನ್ನ ಹೆಸರಿನ ಮುಂದ ಬರಕೊಂಡದ್ದು ಕಾಟ ಹೊಡೀರಿ. ಅದು ಖರೇ ಅಲ್ಲ. ನನಗ ಭಾಳ ಸಂಕಟ ಐತ್ರಿ. ಒಬ್ಬಾಕಿಗೆ ನೀಗವಲ್ದು."

ಯಾರೂ ನಗಲಿಲ್ಲ. ಕೌನ್ಸೆಲರ್ ಹಾಳೆ ತೆಗೆದು ಹಳೆಯ ಗುರುತಿನ ಮೇಲೆ ಗೀಟು ಎಳೆದರು. ಅತ್ತೆಯನ್ನು ಕರೆತಂದಿದ್ದ ಹೆಂಗಸೊಬ್ಬಳು ಬಾಜುವಿನಿಂದ ಮೆಲ್ಲಗೆ, "ನಂದೂ ಕಾಟ ಹೊಡೀರಿ" ಎಂದಳು. ನನ್ನ ಎದೆ ಉಬ್ಬಿಹೋಯಿತು. ಮೂರು ವರ್ಷ ಕೊಚ್ಚಿಕೊಂಡ ಜಂಬವೆಲ್ಲ ಒಂದು ಕಡೆ, ಅಂದಿನದೇ ಒಂದು ಕಡೆ. ನಾನಾಗಿದ್ದರೆ ಅಷ್ಟು ಜನರ ಮುಂದೆ ಹಾಗೆ ಹೇಳುತ್ತಿರಲಿಲ್ಲ. ತಲೆನೋವು ಎಂದು ಸುಳ್ಳು ಹೇಳಿ ಒಂದು ಗುಳಿಗೆ ಇಸಿದುಕೊಂಡು ಬರುತ್ತಿದ್ದೆ.

ಕೌನ್ಸೆಲರ್ ಅವಳನ್ನು ಒಳಗೆ ಕರೆದೊಯ್ದು ಒಂದು ತಾಸು ಮಾತಾಡಿದರು. ಹೊರಗೆ ಬಂದವಳ ಕಣ್ಣು ಕೆಂಪಗಿತ್ತು, ಮುಖ ಹಗುರಾಗಿತ್ತು. ಇನ್ನು ಮೇಲೆ ಪ್ರತಿ ಶನಿವಾರ ಅವಳೂ ಒಳಗೆ ಕೂರಬೇಕು, ವಾರಕ್ಕೊಂದು ದಿನ ಮನೆಯಿಂದ ಹೊರಗಿರಬೇಕು. "ನನಗ ಸೂಟಿ ಬರದ ಕೊಟ್ಟಾರ," ಎಂದು ಮಾಮಾಗೆ ಹೇಳಿದಳು. ನಮ್ಮ ಕಡೆ ರಜೆಗೆ ಸೂಟಿ ಎನ್ನುತ್ತಾರೆ; ಶಾಲೆಗೆ ಸೂಟಿ ಇರುತ್ತದೆ, ಕಾರ್ಖಾನೆಗೆ ಸೂಟಿ ಇರುತ್ತದೆ. ಮನೆ ಹೆಂಗಸಿಗೆ ಸೂಟಿ ಎಂಬ ಮಾತನ್ನು ನಾನು ಕೇಳಿದ್ದು ಅಂದೇ. ರವಿವಾರ ಅವಳ ಕೆಲಸದ ಪಾಳಿ ನನ್ನ ತಲೆಗೆ ಬಂತು.

ಮೊದಲ ರವಿವಾರ ಅಕ್ಕ ಬಾಗಿಲಿನಿಂದ ನಾಲ್ಕು ಸಲ ಹಿಂತಿರುಗಿದಳು, ಗುಳಿಗೆ ಎಲ್ಲಿದೆ, ಮಾಮಾಗೆ ದಿಂಬು ಹೇಗಿಡಬೇಕು ಎಂದೆಲ್ಲ ಹೇಳಲು. ಕೊನೆಗೆ ಮಾಮಾ ಎಡಗೈ ಬೀಸಿ ಅವಳನ್ನು ಓಡಿಸಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ನಡು ಬಿದ್ದುಹೋಗಿತ್ತು. ನನ್ನ ರೊಟ್ಟಿಗಳು ದುಂಡಗಾಗಲಿಲ್ಲ. ಮಾಮಾ ಒಂದನ್ನು ಎತ್ತಿ ಹಿಡಿದು, ನಕಾಶೆ ನೋಡುವವರ ಹಾಗೆ ನೋಡಿ, "ಗೋವಾ" ಎಂದರು.

ಅಕ್ಕ ಬಂದಾಗ ಸಂಜೆ ಐದಾಗಿತ್ತು.

"ಎಲ್ಲಿಗೆ ಹೋಗಿದ್ದಿ?"

"ಹಲಸಿಗೆ. ಬಸ್ ನಿಂತಿತ್ತು, ಹತ್ತಿದ್ನಿ."

"ಗುಡಿಗೆ? ನೀ ಯಾವಾಗಿಂದ ಗುಡಿಗೆ ಹೋಗಾಕತ್ತಿ?" ಹಲಸಿ ಹಳೆಯ ಕಲ್ಲಿನ ಗುಡಿಗಳ ಊರು; ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆತನ, ಗುಡಿಯ ರೂಢಿ ಕಡಿಮೆ.

"ದೇವರ ಸಲುವಾಗಿ ಯಾರ ಹೋಗಿದ್ರು? ಹಳೇ ಕಲ್ಲು, ತಂಪ ಇತ್ತು. ಕಟ್ಟಿ ಮ್ಯಾಲ ಮಲಗಿಬಿಟ್ನಿ. ಎಚ್ಚರಾದಾಗ ಮೂರು ಹೊಡದಿತ್ತು."

ಅವಳ ಸೆರಗಿನಲ್ಲಿ ಇನ್ನೂ ಧೂಳಿತ್ತು. ಒಳಗೆ ಬಂದವಳು ಅಡಿಗೆಮನೆಯ ಕಡೆ ನೋಡಲಿಲ್ಲ, ರಾಶಿ ಬಿದ್ದ ಬಟ್ಟೆಯ ಕಡೆ ನೋಡಲಿಲ್ಲ. ಮಾಮಾನ ಮಂಚದ ತುದಿಗೆ ಕೂತು ಎರಡೂ ಕಾಲು ಚಾಚಿದಳು.

"ಚಾ ಮಾಡ," ಎಂದಳು ನನಗೆ. "ಸಕ್ರಿ ಜಾಸ್ತಿ ಹಾಕು."

ಐವತ್ತು ದಾಟಿದ ನಮ್ಮಕ್ಕ ತನಗಾಗಿ ಒಬ್ಬರಿಗೆ ಕೆಲಸ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎದ್ದು ಒಲೆ ಹಚ್ಚಿದೆ.